ಶಾಸನೋದ್ಧಾರಕ ಲೂಯಿ ರೈಸ್ ಮಹಾಶಯರು

ಮನುಷ್ಯನಿಗೆ ತನ್ನ ತಂದೆಯ ಹೆಸರು ತಿಳಿದಿರುವುದು ಸಹಜ. ತಾತನ ಹೆಸರು ತಿಳಿದಿರುವುದು ಸಾಮಾನ್ಯ. ಮುತ್ತಾತನ ಹೆಸರನ್ನು ತಡೆಯಿಲ್ಲದೆ ಹೇಳಬಲ್ಲವರು ವಿರಳ. ಅದಕ್ಕೂ ಹಿಂದಿನದನ್ನು ಕೇಳಿದರೆ, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಎತ್ತಿನ ಮೇಲೆ ಕುಳಿತು ಮನೆಯ ಮುಂದೆ ಬಂದು ನಿಂತು ವಂಶಾವಳಿಯನ್ನು ಹಾಡಿ ಹೇಳುವ ಹೆಳವನ ಕಡೆಗೆ ಕೈ ತೋರಿಸುವುದು ನಮ್ಮ ನಾಡಿನ ಒಕ್ಕಲುಮನೆಗಳ ರೂಢಿ. ಹೆಳವನ ಬಾಯಲ್ಲಿರುವ ವಂಶಾವಳಿಯೂ ಒಂದು ನಿಧಿಯೇ ಸರಿ. ಆದರೆ ಬಾಯಿಂದ ಬಾಯಿಗೆ ಬಂದ ಮಾತು ಕಾಲಕ್ರಮದಲ್ಲಿ ಬೆಳೆಯುತ್ತದೆ, ಸವೆಯುತ್ತದೆ, ಒಮ್ಮೊಮ್ಮೆ ಮುರಿದೂ ಹೋಗುತ್ತದೆ. ಮುರಿದ ಕೊಂಡಿಯನ್ನು ಕೂಡಿಸಬೇಕಾದರೆ ಕಲ್ಲನ್ನೂ ತಾಮ್ರಪಟವನ್ನೂ ಓಲೆಗರಿಯನ್ನೂ ಕೇಳಬೇಕು. ಕನ್ನಡ ನಾಡಿನ ಕಲ್ಲುಗಳನ್ನು ಹೀಗೆ ಊರೂರಿಗೆ ಹೋಗಿ ಕೇಳಿ, ಅವು ಹೇಳಿದುದನ್ನು ಬರೆದುಕೊಂಡು, ನಾಡಿಗೆ ಅದರ ಪೂರ್ವಜರನ್ನು ಹಿಂದಕ್ಕೆ ತಂದುಕೊಟ್ಟ ಮಹಾಶಯರು ಬೆಂಜಮಿನ್ ಲೂಯಿ ರೈಸ್ ಎಂಬವರು. ಅನ್ಯಮತದಲ್ಲಿ ಹುಟ್ಟಿ, ಅನ್ಯದೇಶದ ಮೂಲದವರಾಗಿದ್ದು, ಈ ನಾಡಿನ ಮನೆತನಗಳ ಚರಿತ್ರೆಗೆ ತಮ್ಮ ಆಯುಷ್ಯವನ್ನು ಸವೆಸಿದ ಇವರ ಜೀವನವು ಮಠದ ಭಕ್ತರೆಲ್ಲರೂ ತಿಳಿಯತಕ್ಕುದಾಗಿದೆ.

ರೈಸ್ ಮಹಾಶಯರು 1837ನೆಯ ಇಸವಿ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ಇವರ ತಂದೆಯವರಾದ ಬೆಂಜಮಿನ್ ರೈಸ್ ಪಾದ್ರಿಗಳು ಲಂಡನ್ ಮಿಷನ್ನಿಗೆ ಸೇರಿದವರು; ಬೆಂಗಳೂರಿನಲ್ಲಿ ನೆಲೆನಿಂತು ಕನ್ನಡವನ್ನು ಚೆನ್ನಾಗಿ ಕಲಿತು, ಶಾಲೆಗಳನ್ನು ನಡೆಸಿ ಖ್ಯಾತರಾದವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅವರ ಸ್ಮರಣಾರ್ಥವಾದ ಪ್ರಾರ್ಥನಾಮಂದಿರವು ಈಗಲೂ ನಿಂತಿದೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಎಡ್ವರ್ಡ್ ರೈಸ್ ಇವರ ಸಹೋದರರು. ಆದುದರಿಂದ ಕನ್ನಡವು ಈ ಮನೆಗೆ ಹೊರಗಿನ ಭಾಷೆಯಾಗಿರಲಿಲ್ಲ. ಬಾಲಕ ಲೂಯಿಗೆ ತೊಟ್ಟಿಲಲ್ಲಿ ಕಿವಿಗೆ ಬಿದ್ದ ನುಡಿಗಳಲ್ಲಿ ಕನ್ನಡವೂ ಒಂದಾಗಿದ್ದಿತು. ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದು, 1860ರಲ್ಲಿ ಹುಟ್ಟಿದೂರಿಗೆ ಹಿಂದಿರುಗಿ, ಬೆಂಗಳೂರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಪಾಠಶಾಲೆಗಳ ಇನ್ಸ್‌ಪೆಕ್ಟರಾಗಿ ನಿಯಮಿತರಾದರು.

ಈ ಉದ್ಯೋಗವೇ ಅವರ ಜೀವನವನ್ನು ತಿರುಗಿಸಿತು. ಶಾಲೆಗಳ ತನಿಖೆಗಾಗಿ ಕುದುರೆಯ ಮೇಲೆ ಊರಿಂದೂರಿಗೆ ಹೋಗಬೇಕಾಗಿದ್ದಿತು. ದಾರಿಯಲ್ಲಿ ದೇವಾಲಯದ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಮುಂದಿನ ಕಟ್ಟೆಯ ಬಳಿ ಬರೆಹವುಳ್ಳ ಕಲ್ಲುಗಳು ಎಲ್ಲೆಲ್ಲಿಯೂ ಅವರ ಕಣ್ಣಿಗೆ ಬಿದ್ದವು. ಕೆಲವು ಕಲ್ಲುಗಳ ಮೇಲೆ ಸೂರ್ಯಚಂದ್ರರು, ಕೆಲವುಗಳ ಮೇಲೆ ಲಿಂಗವೂ ನಂದಿಯೂ, ಕೆಲವುಗಳ ಮೇಲೆ ತುರುಗಳಿಗಾಗಿ ಹೋರಾಡಿ ಮಡಿದ ವೀರನ ಮೂರ್ತಿ. ಅವುಗಳ ಮೇಲಣ ಅಕ್ಷರಗಳನ್ನು ಓದಬಲ್ಲವರು ಆ ಊರುಗಳಲ್ಲಿ ವಿರಳರಾಗಿದ್ದರು. ತಮ್ಮ ಪೂರ್ವಿಕರೇ ನೆಡಿಸಿದ ಕಲ್ಲು ಮುಂದಿದ್ದರೂ ಮಕ್ಕಳು ಮೊಮ್ಮಕ್ಕಳು ಅದನ್ನು ಅರಿಯದೆ ಅದರ ಮೇಲೆಯೇ ಕುಳಿತಿದ್ದರು. ಈ ಸ್ಥಿತಿಯನ್ನು ಕಂಡ ಇನ್ಸ್‌ಪೆಕ್ಟರ ಮನಸ್ಸು ಶಾಲೆಯ ಮಕ್ಕಳಿಂದ ಶಾಲೆಯ ಹೊರಗಣ ಕಲ್ಲುಗಳ ಕಡೆಗೂ ಹರಿಯಿತು.

ಇದೇ ಕಾಲಕ್ಕೆ ಮತ್ತೊಂದು ಕಾರ್ಯವು ನಡೆದಿದ್ದಿತು. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯು ಮೈಸೂರು ಸರ್ಕಾರದ ಪರವಾಗಿ 1865ರ ಸುಮಾರಿಗೆ ಚಿತ್ರದುರ್ಗ, ಹರಿಹರ, ಬಳ್ಳಿಗಾವೆ ಮೊದಲಾದ ಎಡೆಗಳಲ್ಲಿದ್ದ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಅವು ಸುಮಾರು 150 ಆಗಿದ್ದವು. ಛಾಯಾಚಿತ್ರವೆಂಬುದೇ ಆಗ ಈ ದೇಶಕ್ಕೆ ಹೊಸತು. ಶ್ರೀಮಂತರು ತಮ್ಮ ಮುಖವನ್ನು ಕಾಗದದ ಮೇಲೆ ಕಂಡು ಬೆರಗಾಗುತ್ತಿದ್ದ ಕಾಲದಲ್ಲಿ, ಆರು ನೂರು, ಏಳು ನೂರು ವರ್ಷಗಳ ಹಿಂದೆ ಗತಿಸಿದವರ ಹೆಸರುಗಳನ್ನು ಹೊತ್ತ ಕಲ್ಲುಗಳೂ ಕಾಗದದ ಮೇಲೆ ಮೂಡಿದವು. ಈ ಚಿತ್ರಗಳನ್ನು ಓದಿ ಅರ್ಥೈಸುವ ಕೆಲಸವು ಕಾಲಕ್ರಮದಲ್ಲಿ ರೈಸ್ ಮಹಾಶಯರ ಪಾಲಿಗೆ ಬಂದಿತು. ಪಂಡಿತರನ್ನು ಹತ್ತಿರ ಕೂರಿಸಿಕೊಂಡು ಅಕ್ಷರ ಅಕ್ಷರವಾಗಿ ಬಿಡಿಸಿ, ಹಳಗನ್ನಡವನ್ನೂ ಸಂಸ್ಕೃತವನ್ನೂ ಇಂಗ್ಲಿಷಿಗೆ ತಿರುಗಿಸಿ, 1879ರಲ್ಲಿ ಮೈಸೂರಿನ ಶಾಸನಗಳೆಂಬ ಗ್ರಂಥವನ್ನು ಪ್ರಕಟಿಸಿದರು.

ಛಾಯಾಚಿತ್ರದ ಗುಣವೂ ದೋಷವೂ ಈ ಕೆಲಸದಲ್ಲಿಯೇ ಸ್ಪಷ್ಟವಾದವು. ಬೆಳಕು ಓರೆಯಾಗಿ ಬಿದ್ದೆಡೆಯಲ್ಲಿ ಅಕ್ಷರವು ಎದ್ದು ಕಾಣುವುದು. ನೇರವಾಗಿ ಬಿದ್ದೆಡೆಯಲ್ಲಿ ಅಕ್ಷರವೂ ಕಲ್ಲಿನ ಬಿರುಕೂ ಒಂದೇ ಆಗಿ ತೋರುವುವು. ಮಣ್ಣಿನಲ್ಲಿ ಹೂತ ಕೆಳಗಣ ಸಾಲುಗಳು ಚಿತ್ರಕ್ಕೆ ಸಿಕ್ಕುವುದೇ ಇಲ್ಲ. ವಂಶಾವಳಿಯಲ್ಲಿ ಒಂದಕ್ಷರ ತಪ್ಪಿದರೆ ಮಗನು ತಮ್ಮನಾಗುವನು, ತಮ್ಮನು ಅಳಿಯನಾಗುವನು. ಆದುದರಿಂದ ಚಿತ್ರವನ್ನು ನೋಡಿ ತೃಪ್ತಿಪಡದೆ ಕಲ್ಲಿನ ಬಳಿಗೇ ಹೋಗಬೇಕೆಂಬುದು ಸಿದ್ಧವಾಯಿತು.

ಆದರೂ ಆ ಚಿತ್ರಗಳಿಂದಲೇ ದೊರೆತ ಫಲವು ಅಲ್ಪವಲ್ಲ. ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವೊಂದಿದ್ದಿತೆಂದೂ, ಅಲ್ಲಿ ಕಾಳಾಮುಖ ಗುರುಗಳು ಒಬ್ಬರಾದ ಮೇಲೊಬ್ಬರು ಪೀಠವನ್ನೇರಿ ವಿದ್ಯಾದಾನವನ್ನೂ ಅನ್ನದಾನವನ್ನೂ ನಡೆಸಿದರೆಂದೂ ಶಾಸನಗಳು ಸಾರಿದವು. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದು, ದೀನರಿಗೂ ಅನಾಥರಿಗೂ ರೋಗಿಗಳಿಗೂ ಆಶ್ರಯ ದೊರೆಯುತ್ತಿದ್ದುದು ಅಲ್ಲಿ ವಿಶದವಾಗಿ ಹೇಳಲ್ಪಟ್ಟಿದೆ. ಅರಸರಿಗೆ ತಂದೆಯಿಂದ ಮಗನಿಗೆ ಇಳಿಯುವ ವಂಶಾವಳಿಯಿರುವಂತೆ ಮಠಕ್ಕೆ ಗುರುವಿನಿಂದ ಶಿಷ್ಯನಿಗೆ ಇಳಿಯುವ ವಂಶಾವಳಿಯುಂಟು. ಇದು ರಕ್ತದಿಂದಲ್ಲ, ಕರಸ್ಪರ್ಶದಿಂದ ಬರುವ ಸಂತಾನ. ಕನ್ನಡ ನಾಡಿನ ಇಂತಹ ಪ್ರಾಚೀನ ಗುರುಸಂತತಿಗಳ ಹೆಸರುಗಳು ಕ್ರಮವಾಗಿ ವಿದ್ವಜ್ಜನರಿಗೆ ಗೋಚರಿಸುವುದಕ್ಕೆ ರೈಸರ ಈ ಗ್ರಂಥವು ದಾರಿಯನ್ನು ತೆರೆಯಿತು.

ಇದರ ನಡುವೆ ಸರ್ಕಾರದ ಅಪೇಕ್ಷೆಯಂತೆ ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು 1876ರಿಂದ 1878ರವರೆಗೆ ಮೂರು ಸಂಪುಟಗಳಾಗಿ ಹೊರತಂದರು. 1897ರಲ್ಲಿ ಮೈಸೂರಿನ ಭಾಗವನ್ನು ತಿದ್ದಿ ಎರಡು ಸಂಪುಟಗಳಾಗಿ ಮತ್ತೆ ಅಚ್ಚು ಹಾಕಿಸಿದರು. ಅರಸರ ಚರಿತ್ರೆಯನ್ನು ಮಾತ್ರವೇ ಬರೆದು ನಿಲ್ಲಿಸದೆ, ಸೀಮೆ ಸೀಮೆಯ ಪಾಳೆಯಗಾರರ, ನಾಡಗೌಡರ ಮನೆಗಳಲ್ಲಿ ಉಳಿದಿದ್ದ ಹೇಳಿಕೆಗಳನ್ನೂ ಸಂಗ್ರಹಿಸಿದರು. ಗುಬ್ಬಿಯ ಪೇಟೆಯನ್ನು ಸಮೀಪದ ಹೊಸಹಳ್ಳಿಯ ಗೌಡರು ಕಟ್ಟಿದರೆಂದೂ, ನೊಣಬ ಒಕ್ಕಲಿನ ನಾಡಪ್ರಭುಗಳಾದ ಆ ಮನೆತನದವರು ತಮ್ಮ ಮೂಲವನ್ನು ಹೊನ್ನಪ್ಪಗೌಡನೆಂಬ ಪೂರ್ವಪುರುಷನವರೆಗೆ ಹೇಳುತ್ತಿದ್ದರೆಂದೂ ಅಲ್ಲಿ ಬರೆದಿಟ್ಟಿದ್ದಾರೆ. ಹೇಳಿಕೆಯನ್ನು ಹೇಳಿಕೆಯೆಂದೇ ಬರೆದುದು, ಅದನ್ನು ಸಿದ್ಧವಾದ ಸಂಗತಿಯೆಂದು ಸಾರದಿದ್ದುದು, ಅವರ ಪ್ರಾಮಾಣಿಕತೆಗೆ ಸಾಕ್ಷಿ. 1881ರಲ್ಲಿ ಮೈಸೂರು ಸಂಸ್ಥಾನದ ಖಾನೇಷುಮಾರಿಯ ಹೊಣೆಯೂ ಅವರ ಮೇಲೆ ಬಿದ್ದಿತು. ಬದುಕಿರುವವರ ಲೆಕ್ಕವನ್ನು ಒಂದು ಕೈಯಲ್ಲಿಯೂ ಗತಿಸಿದವರ ಲೆಕ್ಕವನ್ನು ಮತ್ತೊಂದು ಕೈಯಲ್ಲಿಯೂ ಹಿಡಿದು ನಡೆದ ಅಧಿಕಾರಿಗಳು ವಿರಳ.

1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಾಕ್ತನ ವಿಮರ್ಶೆಯ ಇಲಾಖೆಯು ಸ್ಥಾಪಿತವಾಯಿತು. ಮೊದಲು ಇತರ ಕೆಲಸಗಳ ಜೊತೆಯಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದ ರೈಸರು 1890ರಿಂದ ಪೂರ್ಣಕಾಲವನ್ನು ಇದಕ್ಕೇ ಮೀಸಲಿಟ್ಟರು. ಅಲ್ಲಿಂದ ಮುಂದೆ ಛಾಯಾಚಿತ್ರಕ್ಕಿಂತ ನೆಚ್ಚಬಹುದಾದ ಅಚ್ಚಿನ ಕ್ರಮವು ಮುಖ್ಯ ಸಾಧನವಾಯಿತು. ಕಲ್ಲನ್ನು ತೊಳೆದು, ಹಾವಸೆಯನ್ನು ಉಜ್ಜಿ ತೆಗೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಮೆಲ್ಲಗೆ ಬಡಿದು ಅಕ್ಷರದ ಗುಳಿಗಳಿಗೆ ಕಾಗದವನ್ನು ಇಳಿಸಿ, ಮೇಲೆ ಮಸಿಯನ್ನು ಸವರಿದರೆ, ಕರಿಯ ನೆಲದ ಮೇಲೆ ಬಿಳಿಯ ಅಕ್ಷರಗಳು ಕಲ್ಲಿನಲ್ಲಿರುವ ಅಳತೆಯಲ್ಲಿಯೇ ಮೂಡುವುವು. ಈ ಕೆಲಸಕ್ಕೆ ನೀರು ಬೇಕು, ನೆರಳು ಬೇಕು, ಗಾಳಿಯಿಲ್ಲದ ಹೊತ್ತು ಬೇಕು. ಎಲ್ಲಕ್ಕೂ ಮಿಗಿಲಾಗಿ ಊರವರ ಒಪ್ಪಿಗೆ ಬೇಕು. ಇನಾಮು ಭೂಮಿಗಳ ವಿಚಾರಣೆ ನಡೆದಿದ್ದ ಆ ಕಾಲದಲ್ಲಿ, ತಾಮ್ರಶಾಸನವುಳ್ಳ ಮನೆಯವರು ಸರ್ಕಾರದ ಮನುಷ್ಯನಿಗೆ ಅದನ್ನು ತೋರಿಸಲು ಅಂಜುವುದು ಅಸಹಜವಲ್ಲ. ಅಂತಹ ಅಂಜಿಕೆಯನ್ನು ಕಳೆಯುವುದಕ್ಕೆ ಅಧಿಕಾರಕ್ಕಿಂತ ಆ ಊರಿನ ಭಾಷೆಯೇ ಹೆಚ್ಚು ಉಪಯೋಗಕ್ಕೆ ಬರುವುದು. ಆ ಭಾಷೆಯು ರೈಸರಿಗೆ ಸ್ವಾಧೀನವಾಗಿದ್ದಿತು.

ಹೀಗೆ ಸಂಗ್ರಹಿಸಿದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನ 12 ಸಂಪುಟಗಳಲ್ಲಿ ಪ್ರಕಟವಾದವು. ಕೊಡಗಿನ ಸಂಪುಟವು 1886ರಲ್ಲಿಯೂ ಶ್ರವಣಬೆಳಗೊಳದ ಸಂಪುಟವು 1889ರಲ್ಲಿಯೂ ಹೊರಬಿದ್ದು, ಉಳಿದ ಜಿಲ್ಲೆಗಳವು ಅನುಕ್ರಮವಾಗಿ 1905ರೊಳಗಾಗಿ ಮುಗಿದವು. ಒಟ್ಟು ಶಾಸನಗಳು ಒಂಬತ್ತು ಸಾವಿರಕ್ಕೆ ಸಮೀಪ. ತಾಲ್ಲೂಕುವಾರಾಗಿ ಸಂಖ್ಯೆಯನ್ನಿತ್ತು, ಕನ್ನಡ ಲಿಪಿಯ ಪಾಠವನ್ನೂ ರೋಮನ್ ಲಿಪಿಯ ಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಸೇರಿಸಿ, ಮೊದಲಲ್ಲಿ ರಾಜವಂಶಗಳ ಕ್ರಮವನ್ನು ವಿವರಿಸುವ ಪೀಠಿಕೆಯನ್ನು ಬರೆದರು. ಭಾರತದ ಇತರ ಪ್ರಾಂತಗಳಲ್ಲಿಯೂ ಆಗ ಶಾಸನಗಳು ಪ್ರಕಟವಾಗುತ್ತಿದ್ದವಾದರೂ, ಒಂದು ಸಂಸ್ಥಾನದ ಒಳಗಣ ಊರೂರನ್ನೂ ಹೀಗೆ ಜಾಲಾಡಿದ ಕಾರ್ಯವು ಅಸಾಧಾರಣವಾದುದು.

ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, 1904ರಲ್ಲಿ ಪ್ರಕಟವಾಯಿತು. ತುಮಕೂರು, ಗುಬ್ಬಿ, ಕುಣಿಗಲು, ಸಿರಾ ಮೊದಲಾದ ತಾಲ್ಲೂಕುಗಳ ಕಲ್ಲುಗಳು ಇದರಲ್ಲಿ ಅಡಗಿವೆ. ಗುಬ್ಬಿ ತಾಲ್ಲೂಕಿನ ಭಾಗದಲ್ಲಿ ನಿಟ್ಟೂರಿನ ಶಾಸನಗಳೂ ಸೇರಿವೆ. ಹೊಯ್ಸಳರ ಕಾಲದ ಶಾಂತೀಶ್ವರ ಬಸದಿಯನ್ನುಳ್ಳ ಆ ಗ್ರಾಮವು ಒಂದಾನೊಂದು ಕಾಲದಲ್ಲಿ ಜೈನರ ನೆಲೆಯಾಗಿದ್ದಿತೆಂಬುದು ಕಲ್ಲಿನ ಮಾತಿನಿಂದ ದೃಢಪಟ್ಟಿತು. ಇಂದು ಶಿವಭಕ್ತರು ವಾಸಿಸುವ ಊರಿನಲ್ಲಿ ಅಂದು ಯಾರಿದ್ದರೆಂಬುದನ್ನು ಅರಿಯುವುದರಿಂದ ಭಕ್ತಿಗೆ ಕುಂದಿಲ್ಲ. ಊರಿನ ಆಯುಷ್ಯವು ನಮ್ಮ ನೆನಪಿಗಿಂತ ದೊಡ್ಡದೆಂಬ ವಿನಯವು ಅದರಿಂದ ಹುಟ್ಟುತ್ತದೆ.

ತುಮಕೂರಿಗೆ ಸಮೀಪದ ಕೈದಾಳವೂ ಇದಕ್ಕೆ ಒಳ್ಳೆಯ ನಿದರ್ಶನ. ಜಕಣಾಚಾರಿಯು ಕಳೆದುಕೊಂಡ ಕೈಯನ್ನು ದೇವರ ಕೃಪೆಯಿಂದ ಅಲ್ಲಿ ಮರಳಿ ಪಡೆದನೆಂಬ ಕಥೆಯನ್ನು ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಆದರೆ ಆ ಊರಿನ ಶಾಸನವು ಹೇಳುವುದು ಒಂದು ಮನೆತನದ ಚರಿತ್ರೆಯನ್ನು. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಹೊಯ್ಸಳರಿಗೆ ಅಧೀನನಾಗಿದ್ದ ಬಾಚಿಯೆಂಬ ಸಾಮಂತನು ಶಿವನಿಗೂ ವಿಷ್ಣುವಿಗೂ ಆಲಯಗಳನ್ನು ಎತ್ತಿಸಿ, ತನ್ನ ಹೆಂಡತಿಯಾದ ಭೀಮಲೆಯ ಹೆಸರಿನಲ್ಲಿ ಜಿನಾಲಯವನ್ನೂ ಕಟ್ಟಿಸಿದನೆಂದು ಅದರಿಂದ ತಿಳಿಯುತ್ತದೆ. ಕಥೆಯಲ್ಲಿ ಉಳಿದವನು ಶಿಲ್ಪಿ. ಕಲ್ಲಿನಲ್ಲಿ ಉಳಿದವರು ಗಂಡ ಹೆಂಡಿರು. ಶಾಸನವು ಅಚ್ಚಾಗದೆ ಹೋಗಿದ್ದರೆ ಭೀಮಲೆಯೆಂಬ ಆ ಗೃಹಿಣಿಯ ಹೆಸರು ಲೋಕಕ್ಕೆ ತಿಳಿಯುವ ಬಗೆಯೇ ಇರಲಿಲ್ಲ.

ರೈಸ್ ಮಹಾಶಯರ ಶೋಧನೆಗಳಲ್ಲಿ ತುಮಕೂರು ಸೀಮೆಯ ಶಿವಭಕ್ತರ ಮನೆಮನೆಗೂ ಸಂಬಂಧಿಸಿದುದು ಇನ್ನೊಂದಿದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ಕುಲಗುರುವೆಂದು ಪೂಜಿಸುವ ನೊಣಬ ಒಕ್ಕಲಿನವರು ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆಗೆ ಬಹಳವಾಗಿ ನೆಲಸಿದ್ದಾರೆ. ನೊಣಬರೆಂಬ ಹೆಸರಿನ ಅರ್ಥವನ್ನು ಕೇಳಿದರೆ ಹೇಳುವವರು ಆಗ ಇರಲಿಲ್ಲ. ರೈಸರು ಪೂರ್ವಶಾಸನಗಳಲ್ಲಿ ನೊಳಂಬವಾಡಿ ಮೂವತ್ತೆರಡು ಸಾವಿರವೆಂಬ ವಿಸ್ತಾರವಾದ ನಾಡನ್ನು ಕಂಡರು. ನೊಳಂಬವೆಂಬುದೇ ನೊಣಂಬವಾಗಿ ನೊಣಬವಾಯಿತೆಂದೂ, ಆ ನಾಡಿನ ಪೂರ್ವದ ಪ್ರಜೆಗಳ ಸಂತತಿಯವರೇ ಈ ಒಕ್ಕಲಿನವರೆಂದೂ ನಿರ್ಣಯಿಸಿದರು. ಗಂಗವಾಡಿಯ ಹೆಸರು ಗಂಗಡಿಕಾರರಲ್ಲಿ ಉಳಿದಿರುವುದನ್ನೂ ಇದೇ ನ್ಯಾಯದಿಂದ ತೋರಿಸಿದರು.

ನೊಳಂಬ ಅರಸರ ವಂಶಾವಳಿಯು ಅವರಿಗೆ ದೊರೆತುದು ಮುಖ್ಯವಾಗಿ ಸಿರಾ ಸೀಮೆಯ ಗಡಿಯ ಹೇಮಾವತಿಯಲ್ಲಿದ್ದ ಕಂಬದ ಶಾಸನದಿಂದ. ಪೂರ್ವದಲ್ಲಿ ಹೆಂಜೇರು ಎಂದು ಕರೆಯಲ್ಪಡುತ್ತಿದ್ದ ಆ ಊರು ನೊಳಂಬರ ರಾಜಧಾನಿ. ಇಂದು ಆಂಧ್ರಪ್ರದೇಶಕ್ಕೆ ಸೇರಿದೆ. ಪಲ್ಲವರ ಸಂತತಿಯವರೆಂದು ಹೇಳಿಕೊಂಡ ಆ ಅರಸರು, ಮಂಗಳ, ಸಿಂಹಪೋತ, ಮಹೇಂದ್ರ, ಅಯ್ಯಪ ಎಂಬಿವರೇ ಮೊದಲಾಗಿ, ತಲೆ ತಲೆಯಾಗಿ ಈ ಭೂಮಿಯನ್ನು ಆಳಿದರು. ಹತ್ತನೆಯ ಶತಮಾನದಲ್ಲಿ ಗಂಗ ಮಾರಸಿಂಹನು ಅವರನ್ನು ಸೋಲಿಸಿ ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಈ ಬಿರುದು ಶ್ರವಣಬೆಳಗೊಳದ ಕಂಬವೊಂದರ ಮೇಲೆ ಕೆತ್ತಲ್ಪಟ್ಟಿದೆ. ನೊಳಂಬರ ಕುಲಕ್ಕೆ ಯಮನೆಂದು ಹೇಳಿಕೊಂಡ ಮಾರಸಿಂಹನ ಗಂಗರಾಜ್ಯವು ಅವನ ಬಳಿಕ ಬಹುಕಾಲ ನಿಲ್ಲಲಿಲ್ಲ. ಅಳಿಯಿತೆಂದು ಕಲ್ಲಿನಲ್ಲಿ ಬರೆಯಿಸಿದ ಹೆಸರಾದರೋ ಸಾವಿರ ವರ್ಷಗಳ ಮೇಲೆಯೂ ನೇಗಿಲು ಹಿಡಿದ ಒಕ್ಕಲ ಮಕ್ಕಳ ಬಾಯಲ್ಲಿ ಜೀವಂತವಾಗಿದ್ದಿತು. ಅರಸನ ಬಿರುದಿಗಿಂತ ಒಕ್ಕಲಿನ ಹೆಸರು ಗಟ್ಟಿಯಾಗಿ ನಿಂತಿತು.

ಇಲ್ಲಿ ಒಂದು ವಿವೇಕವನ್ನು ಮರೆಯಬಾರದು. ನೊಣಬರೆಲ್ಲರೂ ನೊಳಂಬ ಅರಸರ ರಕ್ತಸಂಬಂಧಿಗಳೆಂದು ರೈಸರು ಹೇಳಲಿಲ್ಲ. ಆ ನಾಡಿನ ಪ್ರಜೆಗಳ ಸಂತತಿಯೆಂದು ಮಾತ್ರ ಹೇಳಿದರು. ನಾಡಿನಿಂದ ಬಂದ ಹೆಸರು ಬೇರೆ, ಅರಮನೆಯಿಂದ ಬಂದ ಹೆಸರು ಬೇರೆ. ವಂಶಾವಳಿಯನ್ನು ಹುಡುಕುವವನು ತನ್ನ ಮೂಲದಲ್ಲಿ ಕಿರೀಟವೊಂದು ಸಿಕ್ಕೀತೆಂಬ ಆಸೆಯಿಂದ ಹೊರಟರೆ ಸುಳ್ಳನ್ನೇ ತರುವನು. ಶರಣಧರ್ಮದಲ್ಲಿ ಹುಟ್ಟಿನ ಹೆಚ್ಚುಗಾರಿಕೆಗೆ ಎಡೆಯಿಲ್ಲ. ಆದುದರಿಂದ ಶಿವಭಕ್ತನು ತನ್ನ ಪೂರ್ವಜರನ್ನು ಅರಿಯಬೇಕಾದುದು ಗರ್ವಕ್ಕಾಗಿ ಅಲ್ಲ, ಋಣವನ್ನು ನೆನೆಯುವುದಕ್ಕಾಗಿ.

ವಂಶಾವಳಿಯ ವಿಷಯದಲ್ಲಿ ಸ್ವತಃ ರೈಸರೇ ಕಠಿನವಾದ ಪರೀಕ್ಷೆಗೆ ಒಳಗಾದರು. ಗಂಗರ ತಾಮ್ರಶಾಸನಗಳನ್ನು ನಂಬಿ ಅವರು ಆ ಅರಸರ ಸಂತತಿಯನ್ನು ಬಹು ಹಿಂದಿನವರೆಗೂ ಕೊಂಡೊಯ್ದಾಗ, ಮುಂಬಯಿ ಪ್ರಾಂತದ ಪ್ರಸಿದ್ಧ ಶಾಸನಜ್ಞರಾದ ಫ್ಲೀಟ್ ಮಹಾಶಯರು ಅವುಗಳಲ್ಲಿ ಹಲವು ಕೂಟಶಾಸನಗಳೆಂದು, ಎಂದರೆ ಕಾಲಾಂತರದಲ್ಲಿ ಕಲ್ಪಿಸಿ ಬರೆದವೆಂದು ವಾದಿಸಿದರು. ಈ ವಿವಾದವು ಅನೇಕ ವರ್ಷಗಳ ಕಾಲ ನಡೆಯಿತು. ಮುಂದಿನ ವಿದ್ವಾಂಸರು ಕೆಲವು ಶಾಸನಗಳನ್ನು ಕೃತ್ರಿಮವೆಂದು ತಳ್ಳಿದರು. ಗಂಗರ ಪ್ರಾಚೀನತೆಯನ್ನು ಮಾತ್ರ ಒಟ್ಟಿನಲ್ಲಿ ಅಂಗೀಕರಿಸಿದರು. ಇಬ್ಬರಲ್ಲಿ ಒಬ್ಬರೇ ಗೆದ್ದರೆಂದು ಹೇಳುವಂತಿಲ್ಲ. ನಂಬಿ ಸಂಗ್ರಹಿಸುವವನೂ ಬೇಕು, ಶಂಕಿಸಿ ಸೋಸುವವನೂ ಬೇಕು. ಮೊದಲಿನವನಿಲ್ಲದಿದ್ದರೆ ಸೋಸುವುದಕ್ಕೆ ಕಾಳೇ ಇರುವುದಿಲ್ಲ. ರೈಸರ ಪಾಠಗಳಲ್ಲಿಯೂ ಅನುವಾದಗಳಲ್ಲಿಯೂ ತಪ್ಪುಗಳಿರುವುದುಂಟು. ಅವನ್ನು ತಿದ್ದಿದವರೆಲ್ಲರೂ ಅವರು ಹಾಕಿದ ದಾರಿಯಲ್ಲಿಯೇ ನಡೆದು ತಿದ್ದಿದರು.

ಅವರ ಇತರ ಕಾರ್ಯಗಳೂ ಸಾಮಾನ್ಯವಲ್ಲ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದು, ಮೌರ್ಯರ ಆಳಿಕೆಯು ಕನ್ನಡ ನಾಡಿನವರೆಗೂ ಹಬ್ಬಿದ್ದುದನ್ನು ಲೋಕಕ್ಕೆ ತಿಳಿಸಿದರು. ತಾಳಗುಂದದ ಕಂಬದ ಶಾಸನದಿಂದ ಮಯೂರಶರ್ಮನೇ ಮೂಲಪುರುಷನಾದ ಕದಂಬರ ಉಗಮವು ತಿಳಿದುಬಂದಿತು. ಓಲೆಗರಿಗಳಲ್ಲಿ ಹುದುಗಿದ್ದ ಹಳಗನ್ನಡ ಗ್ರಂಥಗಳನ್ನು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಅಚ್ಚು ಹಾಕಿಸಿದರು. 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣವೂ, 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನವೂ, 1898ರಲ್ಲಿ ಪಾಠಕರು ಶೋಧಿಸಿದ ಕವಿರಾಜಮಾರ್ಗವೂ ಈ ಮಾಲೆಯಿಂದಲೇ ಬೆಳಕಿಗೆ ಬಂದವು. ಇಲಾಖೆಯಲ್ಲಿ ಅವರ ಸಹಾಯಕರಾಗಿ ಸೇರಿ, ಬಳಿಕ ಅವರ ಸ್ಥಾನವನ್ನೇ ಅಲಂಕರಿಸಿದ ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯನ್ನು ಬರೆದು, ಗುಬ್ಬಿಯ ಮಲ್ಲಣಾರ್ಯನೇ ಮೊದಲಾದ ವೀರಶೈವ ಕವಿಗಳ ಕಾಲವನ್ನೂ ಮನೆತನವನ್ನೂ ಗುರುಪರಂಪರೆಯನ್ನೂ ನಿರ್ಣಯಿಸಿದುದು ಇದೇ ಬೀಜದಿಂದ ಬೆಳೆದ ಫಲ.

1906ರಲ್ಲಿ ರೈಸರು ಉದ್ಯೋಗದಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಸುಮ್ಮನೆ ಕೂರದೆ, ಶಾಸನಗಳಿಂದ ತಿಳಿದುಬರುವ ಮೈಸೂರು ಕೊಡಗುಗಳ ಚರಿತ್ರೆಯನ್ನು ಒಂದೇ ಗ್ರಂಥವಾಗಿ ರಚಿಸಿ 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಕೊಡಗಿನ ಸಂಪುಟವನ್ನು ತಿದ್ದಿ 1914ರಲ್ಲಿ ಮತ್ತೆ ಹೊರತಂದಾಗ ಅವರಿಗೆ ಎಪ್ಪತ್ತಾರು ವರ್ಷಗಳು ಮೀರಿದ್ದವು. 1927ನೆಯ ಇಸವಿ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಹ್ಯಾರೋ ಎಂಬ ಊರಿನಲ್ಲಿ ದೇಹವನ್ನು ಬಿಟ್ಟರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯವು ಅವರ ಸಂಪುಟಗಳನ್ನು ಪರಿಷ್ಕರಿಸಿ, ಹೊಸದಾಗಿ ದೊರೆತ ಶಾಸನಗಳನ್ನೂ ಸೇರಿಸಿ ಪ್ರಕಟಿಸತೊಡಗಿತು.

ರೈಸ್ ಮಹಾಶಯರು ಅಚ್ಚು ತೆಗೆದ ಮೇಲೆ ಒಡೆದು ಹೋದ ಕಲ್ಲುಗಳುಂಟು. ಮನೆಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಸವೆದವುಗಳುಂಟು. ಅಂತಹವುಗಳ ಮಾತು ಅವರ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಅವರ ಕಣ್ಣಿಗೆ ಬೀಳದೆ ಉಳಿದವು ಇನ್ನೂ ಅಲ್ಲಲ್ಲಿ ಇರುವುವು. ಮಠಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಯ ಕಟ್ಟುಗಳು, ಗೌಡ ಶಾನುಭೋಗರ ಮನೆಗಳ ಪೆಟ್ಟಿಗೆಗಳಲ್ಲಿರುವ ಕಡತಗಳು, ನಡುಮನೆಯ ಗೋಡೆಯ ಮೇಲೆ ಮಬ್ಬಾಗುತ್ತಿರುವ ಹಿರಿಯರ ಛಾಯಾಚಿತ್ರಗಳು, ಇವೆಲ್ಲವೂ ಒಂದೊಂದು ಶಾಸನವೇ. ಚಿತ್ರದಲ್ಲಿರುವ ಮುಖವನ್ನು ಗುರುತಿಸಬಲ್ಲ ಮುದುಕರು ಬದುಕಿರುವಾಗಲೇ ಅದರ ಹಿಂದುಗಡೆ ಹೆಸರನ್ನೂ ಊರನ್ನೂ ಬರೆದಿಡದಿದ್ದರೆ, ಇನ್ನೊಂದು ತಲೆಮಾರಿಗೆ ಅದು ಅಕ್ಷರ ಸವೆದ ಕಲ್ಲಿನಂತೆ ಮೂಕವಾಗುವುದು. ಮಠವು ಗುರುಪರಂಪರೆಯನ್ನು ನಿತ್ಯವೂ ಸ್ಮರಿಸಿ ಉಳಿಸಿಕೊಂಡು ಬಂದಿರುವಂತೆ, ಭಕ್ತರ ಮನೆಗಳೂ ತಮ್ಮ ಹಿರಿಯರ ಹೆಸರುಗಳನ್ನು ಬರೆದು ಉಳಿಸಬೇಕು; ಊರ ಮುಂದಿನ ಕಲ್ಲನ್ನು ಒಡೆಯದೆ, ಹೂಳದೆ, ನೆರಳಿನಲ್ಲಿ ನಿಲ್ಲಿಸಬೇಕು. ಹುಟ್ಟಿದ ನಾಡಿನ ಋಣವನ್ನು ರೈಸ್ ಮಹಾಶಯರು ತಮ್ಮ ಪಾಲಿಗೆ ತೀರಿಸಿದರು. ಉಳಿದ ಪಾಲು ಆ ಹಿರಿಯರ ಮಕ್ಕಳದು. ಸರ್ವರಿಗೂ ಶಿವನು ಆ ಸದ್ಬುದ್ಧಿಯನ್ನು ಕರುಣಿಸಲಿ.